ಹೊಲಿಗೆ ಅಕ್ಕನ ಮುತ್ತಜ್ಜಿ

ಅಕ್ಕನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಮಷೀನಿನ ಸೂಜಿ ಬೆರಳನ್ನು ತೂರಿ ಹೋಗಿತ್ತಂತೆ. ಆಮೇಲೆ ಬೆಳೆದ ಉಗುರು ಒಂದಾಗಲೇ ಇಲ್ಲ. ರೇಷ್ಮೆ ಹೊಲಿಯುವಾಗ ಎಳೆ ಸಿಕ್ಕಬಾರದೆಂದು ಆ ಬೆರಳಿಗೆ ಚಿಂದಿ ಸುತ್ತಿಕೊಳ್ಳುತ್ತಿದ್ದಳು. ನನ್ನ ಕಾನ್ವೆಂಟ್ ಯೂನಿಫಾರ್ಮಿಗೆ ಅಳತೆ ತೆಗೆಯುವಾಗ ಆ ಉಗುರು ಕತ್ತಿಗೆ ತಾಗಿ ಕಚಗುಳಿಯಾಗುತ್ತಿತ್ತು. ನಾನು ನಕ್ಕರೆ, "ನೆಟ್ಟಗ ನಿಂದರು ಬೇಬಿ. ಒಂದು ತೋಳು ಗಿಡ್ಡ ಆದ್ರ ನಿಮ್ಮ ಸಿಸ್ಟರ್ ನನಗ ಬೈತಾಳ" ಎನ್ನುತ್ತಿದ್ದಳು.

ಅದು ಮುಂಬಯಿ ಹತ್ತಿರದ ಕಲ್ಯಾಣದ ರೈಲ್ವೆ ಕಾಲೊನಿ. ನಾವು ಮೈಸೂರಿನವರು, ಅಪ್ಪ ಆಫೀಸರ್, ನಮ್ಮದು ದೊಡ್ಡ ಹಾಲ್ ಇದ್ದ ಕ್ವಾರ್ಟರ್ಸ್. ಅವಳ ಮನೆಯವರು ರಾಯಚೂರಿನ ಕಡೆಯವರು, ಅಪ್ಪ ಲೋಕೋ ಶೆಡ್ಡಿನಲ್ಲಿ ಫಿಟರ್, ಹಳಿಯ ಮಗ್ಗುಲ ಚಾಳಿನಲ್ಲಿ ಒಂದೇ ಕೋಣೆಯ ಖೋಲಿ. ಕಾಲೊನಿಗೆಲ್ಲ ಅವಳು ಹೊಲಿಗೆ ಅಕ್ಕ, ನನಗೆ ಬರೀ ಅಕ್ಕ. ಸ್ಕೂಲ್ ಬಿಟ್ಟರೆ ಅಲ್ಲೇ ಬಿದ್ದಿರುತ್ತಿದ್ದೆ. ರೈಲು ಹೋಗುವಾಗ ಖೋಲಿ ನಡುಗುತ್ತಿತ್ತು. ಅಕ್ಕ ಪೆಡಲ್ ನಿಲ್ಲಿಸಿ, ಗಾಡಿ ದಾಟಿದ ಮೇಲೆ ನಿಂತಲ್ಲಿಂದಲೇ ಹೊಲಿಗೆ ಮುಂದುವರಿಸುತ್ತಿದ್ದಳು. ಕತೆಯನ್ನೂ.

ಕತೆ ಒಂದೇ, ಅವಳ ಮುತ್ತಜ್ಜಿಯದು. ಕಲ್ಯಾಣದಿಂದ ಘಾಟಿನ ಕಡೆಗೆ ಮೊದಲ ಸಲ ಹಳಿ ಹಾಕುವ ಕಾಲದಲ್ಲಿ, ಮಣ್ಣು ಹೊರುವ ಗ್ಯಾಂಗಿನೊಂದಿಗೆ ರಾಯಚೂರಿನಿಂದ ನಡೆದೇ ಬಂದವಳು. ಬೆಳಿಗ್ಗೆ ಹಾಜರಿ ಕೂಗುತ್ತಿದ್ದ ಗುಮಾಸ್ತ ಕಲ್ಯಾಣದ ದೊಡ್ಡ ವಾಡೆಯ ಹುಡುಗ. ಪಟ್ಟಿಯಲ್ಲಿ ಅವಳದು ಕೊನೆಯ ಹೆಸರು. ಒಂದು ದಿನದಿಂದ ಅವನು ಅದನ್ನೇ ಮೊದಲು ಕೂಗತೊಡಗಿದ. "ಅಷ್ಟಕ್ಕೇ ಎಲ್ಲಾರಿಗೂ ತಿಳೀತು ನೋಡು" ಎಂದು ಅಕ್ಕ ಹಲ್ಲಿನಿಂದ ದಾರ ಕಡಿದು ನಗುತ್ತಿದ್ದಳು. ಗ್ಯಾಂಗಿಗೆ ವಾಂತಿಭೇದಿ ತಗುಲಿ ಮೇಲಿನವರೆಲ್ಲ ಓಡಿಹೋದಾಗ ಅವನೊಬ್ಬ ಉಳಿದು ಅವಳಿಗೆ ನೀರು ಕುಡಿಸಿದ. ಅವಳು ಬದುಕಿದಳು, ಅವನು ಅವಳನ್ನೇ ಕಟ್ಟಿಕೊಂಡ. ವಾಡೆಯವರು ಬದುಕಿದ್ದ ಮಗನಿಗೆ ಎಳ್ಳುನೀರು ಬಿಟ್ಟರು. ಮುಂದೊಮ್ಮೆ ಅವನ ತಾಯಿ ರೈಲಿನಲ್ಲಿ ಪುಣೆಗೆ ಹೊರಟಾಗ ಮುತ್ತಜ್ಜಿ ಕೂಸನ್ನೆತ್ತಿಕೊಂಡು ಹೋಗಿ ಡಬ್ಬಿಯ ಕಿಟಕಿಯೆದುರು ನಿಂತಳು. ಅತ್ತೆ ಕಿಟಕಿಯ ಹಲಗೆ ಎಳೆದುಕೊಂಡರು.

"ಗಾಡಿ ಒಂದೇ ಬೇಬಿ, ಡಬ್ಬಿ ಬ್ಯಾರೆ." ಇದು ಅಕ್ಕನ ಮಾತು.

ನಾನು ಆ ಕತೆಯನ್ನು ಇಂಗ್ಲಿಷಿನಲ್ಲಿ ಕಾಂಪೊಸಿಷನ್ ಬರೆದೆ. ಪ್ರೈಜ್ ಬಂತು.

ಅದೇ ವರ್ಷ ಠಾಣೆಯಿಂದ ಅಕ್ಕನಿಗೆ ಒಂದು ಸಂಬಂಧ ಬಂತು. ಹುಡುಗ ಡ್ರಾಫ್ಟ್ಸ್‌ಮನ್. ಅವನನ್ನು ಸ್ಟೇಷನ್ನಿನಲ್ಲಿ ದೂರದಿಂದ ನೋಡಿ ಬಂದ ಅಕ್ಕ "ಛಲೋ ಅದಾನ" ಎಂದು ನನಗೊಬ್ಬಳಿಗೇ ಹೇಳಿದ್ದಳು. ಹುಡುಗನ ಕಡೆಯವರಿಗೆ ಕುಲವೆಂದರೆ ಬಹಳ ಕಟ್ಟುನಿಟ್ಟು. ಅಕ್ಕನ ಅವ್ವ ಮುತ್ತಜ್ಜಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಖೋಲಿಯಲ್ಲಿ ಅಷ್ಟು ಜನ ಹಿಡಿಯುವುದಿಲ್ಲವೆಂದು ಹೆಣ್ಣು ತೋರಿಸಿದ್ದು ನಮ್ಮ ಹಾಲಿನಲ್ಲಿ.

ಅವಲಕ್ಕಿ, ಚಹಾ ಆಯಿತು. ಮಾತು ನಿಂತಿತು. ನನ್ನ ಅಮ್ಮನಿಗೆ ಇಂಗ್ಲಿಷ್ ಬಾರದು, ಮಗಳ ಇಂಗ್ಲಿಷ್ ಎಂದರೆ ಪ್ರಾಣ. "ಪ್ರೈಜ್ ಬಂತಲ್ಲ ಪುಟ್ಟಿ, ಅದನ್ನ ಅಂಕಲ್‌ಗೆ ಹೇಳಿ ತೋರಿಸು" ಎಂದರು. ನನಗಾಗ ಒಂಬತ್ತು ವರ್ಷ. ಕೈಕಟ್ಟಿ ನಿಂತು, ಸಿಸ್ಟರ್ ಕಲಿಸಿದ ಎಕ್ಸ್‌ಪ್ರೆಶನ್ ಎಲ್ಲ ಹಾಕಿ, ಪೂರ್ತಿ ಒಪ್ಪಿಸಿದೆ. ಇದು ನಮ್ಮ ಹೊಲಿಗೆ ಅಕ್ಕನ ಮುತ್ತಜ್ಜಿಯ ಕತೆ ಎಂದು ಮೊದಲ ಸಾಲಿನಲ್ಲೇ ಇತ್ತು. ಹುಡುಗನ ದೊಡ್ಡಪ್ಪ ಹೈಸ್ಕೂಲ್ ಮೇಷ್ಟ್ರು. ಕೊನೆಯವರೆಗೂ ಕೇಳಿ, "ವೆರಿ ಗುಡ್" ಎಂದು ನನ್ನ ತಲೆ ಸವರಿ, ಎದ್ದು ಚಪ್ಪಲಿ ಮೆಟ್ಟಿಕೊಂಡರು. ಹಿಂದೆಯೇ ಉಳಿದವರೂ.

ಮರುದಿನ ಅಕ್ಕ ಕರೆಸಿದಳು.

"ಏನು ಹೇಳ್ದಿ ನಿನ್ನೆ? ಕನ್ನಡದಾಗ ಹೇಳು."

ಹೇಳಿದೆ. ಮಷೀನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಕಿಟಕಿ ಮುಂದ ಅಳಕೋತ ನಿಂತಿದ್ಳು ಅಂದ್ಯಾ?"

"ಹೂಂ."

"ಅಕಿ ಅತ್ತಿಲ್ಲ. ಅದು ನೀ ಸೇರಿಸಿದ್ದು."

ಅಷ್ಟೇ. ಒಂದು ಏಟು ಹಾಕಿದ್ದರೆ ಒಳ್ಳೆಯದಿತ್ತು. ಆ ಗಿಲ್ಟ್ ತಾಳಲಾರದೆ ನಾನು ಖೋಲಿಯ ಕಡೆ ಹೋಗುವುದನ್ನೇ ಬಿಟ್ಟೆ. ಹಟ ಮಾಡಿ ಯೂನಿಫಾರ್ಮನ್ನು ಬೇರೆ ಕಡೆ ಹೊಲಿಸಿಕೊಂಡೆ. ಆಮೇಲೆ ಕಾಲೇಜು, ಮದುವೆ, ಠಾಣೆಯಲ್ಲಿ ಸಂಸಾರ, ಈಗ ಐರೋಲಿಯ ಫ್ಲ್ಯಾಟ್. ಅಕ್ಕನಿಗೆ ಮದುವೆಯಾಗಲೇ ಇಲ್ಲವೆಂದು ಯಾರೋ ಹೇಳಿದಾಗ ಮಾತು ಬದಲಿಸಿದ್ದೆ.

ಹೋದ ವರ್ಷ ಹಳೆಯ ಕಾಲೊನಿಯವರೊಬ್ಬರು ಫೋನ್ ಮಾಡಿದರು. ಅಕ್ಕ ಕಳವಾದಲ್ಲಿ ತಮ್ಮನ ಮಗನ ಮನೆಯಲ್ಲಿದ್ದಾಳೆ, ಹಾಸಿಗೆ ಹಿಡಿದಿದ್ದಾಳೆ. ಐರೋಲಿಯಿಂದ ಕಳವಾ ಎಷ್ಟು ಮಹಾ ದೂರ? ಹೋದೆ.

"ಬರ್ರಿ, ಕೂಡ್ರಿ" ಎಂದಳು. ನನಗೆ, ಬರ್ರಿ.

ಎಷ್ಟೋ ವರ್ಷದಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತು ಹೊರಗೆ ಬಂತು: "ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಮದುವೆ ಆಗುತ್ತಿತ್ತು ಅಕ್ಕಾ. ಕ್ಷಮಿಸು."

"ಅದಕ್ಕೇನು ನೀ ಬರದಿದ್ದದ್ದು? ಎಂಟು ದಿನ ಬಿಟ್ಟು ಆ ಹುಡುಗ ಒಬ್ಬನೇ ಬಂದಿದ್ದ. ಲಗ್ನ ಆಗ್ತೀನಿ, ಆದ್ರ ನಿಮ್ಮ ಮುತ್ತಜ್ಜಿ ಸುದ್ದಿ ನಮ್ಮ ಮನ್ಯಾಗ ತೆಗೀಬಾರ್ದು ಅಂದ. ನಾನೇ ಒಲ್ಲೆ ಅಂದೆ."

"ಅವನು ಬೇಡವಾಗಿದ್ದನಾ?"

"ಬೇಕಾಗಿದ್ದ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಎಲ್ಲಿ ಹೇಳ್ಲಿ? ಎರಡು ದೀಪಾವಳಿಗೆ ನಿನ್ನ ಅಳತಿ ಅಂದಾಜ್ ಮಾಡಿ ಫ್ರಾಕ್ ಹೊಲ್ದು ಇಟ್ಟಿದ್ದೆ. ನೀ ಬರಲಿಲ್ಲ. ಹುಡುಗಿ ಇಂಗ್ಲಿಷ್ ಓದಿ ದೊಡ್ಡಾಕಿ ಆದ್ಳು, ಚಾಳಿಗೆ ಯಾಕ ಬರ್ತಾಳ ಅಂತ ತಿಳ್ಕೊಂಡೆ."

ಹಾಗಲ್ಲ ಅಕ್ಕಾ ಎಂದೆ. ಎರಡು ಸಲ ಎಂದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಹದಿನೈದೇ ದಿನಕ್ಕೆ ಹೋಗಿಬಿಟ್ಟಳು. ಸುದ್ದಿ ತಿಳಿದು ಓಡಿದೆ. ಅಕ್ಕನನ್ನು ಮಲಗಿಸಿದ್ದ ಆ ಸಣ್ಣ ಕೋಣೆಯಲ್ಲಿ ಹೆಂಗಸರೆಲ್ಲ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಯಾರು ಎಂದು ಒಬ್ಬಳು ಕೇಳಿದಳು. "ಸಾಹೇಬ್ ಕೀ ಬೇಟಿ ಹೈ" ಎಂದ ತಮ್ಮನ ಮಗ, ಪಕ್ಕದ ಮನೆಗೆ ಹೋಗಿ ಒಂದು ಕುರ್ಚಿ ತಂದಿಟ್ಟ. ಬೇಡವೆಂದೆ. ಅಕ್ಕನ ಪಕ್ಕ ನೆಲದ ಮೇಲೆ ಕೂರಲು ಬಗ್ಗಿದೆ. ಈ ಹಾಳು ಮೊಣಕಾಲು ಮಡಚಲಿಲ್ಲ. ಎಲ್ಲರೂ ನೋಡುತ್ತಿದ್ದರು. ಕೊನೆಗೆ ಆ ಕುರ್ಚಿಯ ಮೇಲೆಯೇ ಕೂತೆ.