ಬಯಲಿತ್ತು ಎಂದು ಬರೆದ ಮೇಷ್ಟ್ರು

ಅರಸರು ಕಟ್ಟಿಸಿದ ಗಂಡುಮಕ್ಕಳ ಪ್ರೌಢಶಾಲೆಗೆ ನೂರು ವರ್ಷ ತುಂಬಿದಾಗ, ಅದರ ಚರಿತ್ರೆ ಬರೆಯುವ ಕೆಲಸ ಚರಿತ್ರೆ ಮೇಷ್ಟ್ರ ಹೆಗಲಿಗೆ ಬಿತ್ತು. ಹಳೆಯ ಕಡತ ಕೆದಕುವಾಗ ಒಂದು ನಕ್ಷೆ ಸಿಕ್ಕಿತು. ಈಗ ಆಟದ ಮೈದಾನವಿರುವಲ್ಲಿ ಆಗ ಬಟ್ಟೆ ಒಗೆಯುವವರ ಹದಿನಾಲ್ಕು ಮನೆಗಳಿದ್ದವು. ಅರಸರ ಅಪ್ಪಣೆಯಂತೆ ಒಂದೇ ವಾರದಲ್ಲಿ ಅವನ್ನು ಕೆಡವಿದ್ದರು.

"ಸಂಭ್ರಮದ ಹೊತ್ತಲ್ಲಿ ಇದೆಲ್ಲ ಯಾಕೆ ಮೇಷ್ಟ್ರೇ? ಬಯಲಿತ್ತು ಅಂತ ಬರೀರಿ" ಎಂದರು ಹೆಡ್‌ಮಾಸ್ಟರು.

ಮೇಷ್ಟ್ರ ನಿವೃತ್ತಿಗೆ ಎರಡೇ ವರ್ಷವಿತ್ತು. ಅವರು ಹಾಗೆಯೇ ಬರೆದರು.

ಪುಸ್ತಕ ಹೊರಬಂದ ವಾರ, ಹಾಸ್ಟೆಲಿನ ಬಟ್ಟೆ ಒಗೆಯುವ ಹೆಂಗಸು ಅವರನ್ನು ವರಾಂಡದಲ್ಲಿ ತಡೆದಳು.

"ನಮ್ಮ ಮುತ್ತಜ್ಜಿ ಮನೆ ಮೈದಾನದಲ್ಲೇ ಇತ್ತಂತೆ. ನಿಮ್ಮ ಪುಸ್ತಕದಲ್ಲಿ ಬಂದಿದೆಯಾ ಮೇಷ್ಟ್ರೇ? ನಂಗೆ ಓದೋಕೆ ಬರಲ್ಲ."

ಸುಳ್ಳು ಹೇಳಿದ್ದರೆ ಆಕೆ ನಂಬುತ್ತಿದ್ದಳು.

"ಇಲ್ಲಮ್ಮ. ನಂಗೆ ಗೊತ್ತಿತ್ತು, ಆದ್ರೂ ಬರೀಲಿಲ್ಲ. ತಪ್ಪು ನಂದೇ."

ಆಕೆ ಬಯ್ಯಲಿಲ್ಲ. "ಅಜ್ಜಿ ಹೇಳಿದ್ದು ನಿಜ ಅಂತಾಯ್ತಲ್ಲ, ಬಿಡಿ" ಎಂದು ಬಟ್ಟೆಗಂಟು ಹೊತ್ತು ಹೊರಟಳು.

ಮರುದಿನ ಮೇಷ್ಟ್ರು ನಕ್ಷೆಯ ಪ್ರತಿ ತೆಗೆಸಿ ಆಕೆಯ ಮನೆಗೆ ಒಯ್ದರು. ಅದರಲ್ಲಿ ಬರೆದಿದ್ದ ಹದಿನಾಲ್ಕು ಮನೆಗಳ ಯಜಮಾನರ ಹೆಸರನ್ನೂ ಓದಿ ಹೇಳಿದರು. ಆದರೆ ಅಚ್ಚಾದ ಸಾವಿರ ಪುಸ್ತಕ ಹಾಗೇ ಉಳಿದವು. ತಮ್ಮ ಹೆಸರಿದ್ದ ಆ ಪುಸ್ತಕ ಯಾರ ಮನೆಯ ಮೇಜಿನ ಮೇಲೆ ಕಂಡರೂ ಅವರು ಅದನ್ನು ಮಗುಚಿ ಇಡುತ್ತಿದ್ದರು.