ನಿಲ್ಲಿಸಿಟ್ಟ ದೋಣಿ

ಕಳೆದ ವಾರ ಅಟ್ಟ ಹಸನು ಮಾಡುವಾಗ ಹಳೆಯ ವಿಡಿಯೋ ಕ್ಯಾಸೆಟ್ಟೊಂದು ಕೈಗೆ ಸಿಕ್ಕಿತು. ದೇವರ ಚಿತ್ರವಿದ್ದ ಡಬ್ಬಿ ತೆರೆದರೆ ರೀಲಿಗೆ ಬಿಳಿ ಬೂಷ್ಟು ಹಿಡಿದಿತ್ತು. ಹುಳಿ ವಾಸನೆ ಮೂಗಿಗೆ ಬಡಿಯಿತು, ಅದರ ಬೆನ್ನಿಗೇ ತಂಬಾಕಿನ ಘಾಟು. ಅಟ್ಟದ ಮೇಲೆ ತಂಬಾಕು ಎಲ್ಲಿಂದ ಬರಬೇಕು? ಎದುರುಮನೆಯಾಕೆ, ನಾನು ಮಾವಶಿ ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದವಳು, ನಮ್ಮ ಪಡಸಾಲೆಗೆ ಬಂದು ಕುಳಿತರೆ ಬರುತ್ತಿದ್ದ ಘಾಟು ಅದು...

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಹಮಾಲಿ ಮಾಡಿದೆ, ಕಬ್ಬಿನ ಗಾಡಿ ಹೊಡೆದೆ. ಎಂಬತ್ತರ ದಶಕದ ಕೊನೆಗೆ ನಿಪ್ಪಾಣಿಯಲ್ಲಿ ಸ್ವಂತ ದುಡಿಮೆಯ ಟಿವಿ, ವಿಡಿಯೋ ಸೆಟ್ಟು ಕೊಂಡು ಮದುವೆಗೆ, ಗಣಪತಿ ಹಬ್ಬಕ್ಕೆ ಊರೂರಿಗೆ ಬಾಡಿಗೆಗೆ ಒಯ್ಯತೊಡಗಿದೆ. ಆ ಸೆಟ್ಟಿನ ಗುಂಡಿಯನ್ನು ನನ್ನ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ನಾವು ಆ ಓಣಿಗೆ ಬರುವ ಎಷ್ಟೋ ಮೊದಲೇ ಮಾವಶಿಯ ಗಂಡ ಕೆಲಸ ಹುಡುಕಿಕೊಂಡು ಮುಂಬೈಗೆ ಹೋಗಿದ್ದ. ಮೊದಮೊದಲು ಸುದ್ದಿ ಬರುತ್ತಿತ್ತಂತೆ, ಆಮೇಲೆ ನಿಂತಿತಂತೆ. ಸತ್ತನೆಂದು ಯಾರೂ ಹೇಳಲಿಲ್ಲ, ಇದ್ದಾನೆಂದೂ ಹೇಳಲಿಲ್ಲ. ಮಾವಶಿ ತಂಬಾಕು ತುಂಬಿಡುವ ವಖಾರಿಯಲ್ಲಿ ಜರಡಿ ಹಿಡಿದು ಬದುಕುತ್ತಿದ್ದಳು.

ಒಮ್ಮೆ ಕೊಲ್ಹಾಪುರದಿಂದ ತಂದ ಕ್ಯಾಸೆಟ್ಟುಗಳಲ್ಲಿ ಒಂದರ ಡಬ್ಬಿ ಅದಲುಬದಲಾಗಿತ್ತು. ಮೇಲೆ ದೇವರ ಚಿತ್ರ, ನಮ್ಮ ಪಡಸಾಲೆಯಲ್ಲಿ ಹಾಕಿದರೆ ಕಾರ್ಟೂನು. ಯಾವುದೋ ದೂರದೇಶದ ಭಾಷೆ. ಕೆರೆಯ ನಡುವಿನ ಅರಮನೆಯಲ್ಲಿ ಸೆರೆಯಾದ ರಾಜನ ಮಗಳಿಗೆ ದೋಣಿ ನಡೆಸುವ ಹುಡುಗನ ಮೇಲೆ ಮನಸ್ಸು. ಬೀಗದ ಕೈ ತರಲು ಅವನು ಹೋಗುತ್ತಾನೆ, ಮಾಟಗಾತಿ ಮಂಜು ಕವಿಸುತ್ತಾಳೆ, ಹುಡುಗಿ ಕಿಟಕಿಯಲ್ಲಿ ಕಾಯುತ್ತಾಳೆ. ಕೊನೆಗೆ ಮಂಜು ಹರಿದು ದೋಣಿ ಬರುತ್ತದೆ, ಲಗ್ನವಾಗುತ್ತದೆ. ಓಣಿಯ ಹೆಂಗಸರು ನಕ್ಕು ಎದ್ದುಹೋದರು. ಮಾವಶಿ ಏಳಲಿಲ್ಲ.

“ತಮ್ಮಾ, ಹಿಂದಕ್ಕ ಒಯ್ಯಿ. ಆಕಿ ಖಿಡಕ್ಯಾಗ ನಿಂತಾಳಲ್ಲ, ಅಲ್ಲಿ ನಿಂದರಸು.”

ನಿಲ್ಲಿಸಿದೆ. ಚಿತ್ರ ನಡುಗುತ್ತ ನಿಂತಿತು. ಹುಡುಗಿಯ ಮುಖದ ಮೇಲೆ ಬಿಳಿ ಗೆರೆಗಳು ಓಡಾಡುತ್ತಿದ್ದವು.

“ದೋಣಿ ನಡುನೀರಾಗ ಮುಳಗಿತು ಅಂತ ತಿಳಿ. ಇಕಿಗೆ ಹೆಂಗ ಗೊತ್ತಾಗಬೇಕು?”

ಮರುದಿನ ವಖಾರಿಯಿಂದ ಬಂದವಳೇ ಮತ್ತೆ ಅದನ್ನೇ ಹಾಕಿಸಿ ಅಲ್ಲಿಯೇ ನಿಲ್ಲಿಸಲು ಹೇಳಿದಳು. ಈ ಸಲದ ಕತೆಯಲ್ಲಿ ದೋಣಿಯವನು ಆಚೆ ದಡದಲ್ಲಿ ಬೇರೆ ಸಂಸಾರ ಹೂಡಿದ್ದ. ಇನ್ನೊಂದು ಸಂಜೆ ಹುಡುಗಿಯೇ ಕಿಟಕಿ ಮುರಿದು ನೀರಿಗೆ ಧುಮುಕಿದಳು. ಅವಳು ಆಚೆಗೆ, ಅವನು ಈಚೆಗೆ, ಮಂಜಿನೊಳಗೆ ಒಬ್ಬರ ಪಕ್ಕ ಒಬ್ಬರು ಹಾದುಹೋದರು, ಇಬ್ಬರಿಗೂ ತಿಳಿಯಲಿಲ್ಲ. ನಾನು ಗುಂಡಿಯತ್ತ ಕೈ ಚಾಚಿದೆ.

“ಭಾಳ ಹೊತ್ತ ನಿಲ್ಲಸಿದ್ರ ಸೆಟ್ಟಿನ ಹೆಡ್ ಕೆಡತೈತಿ ಮಾವಶಿ,” ಅಂದೆ.

“ನಿನ್ನ ಡಬ್ಬಿಗೆ ಏನ ನೆಗಡಿ ಬರೂದಿಲ್ಲ, ಸುಮ್ಕ ಕುಂದರು.”

ಕಾರಣವನ್ನು ಅವ್ವ ಹೇಳಿದಳು. ಮಾವಶಿಗೆ ಅವಳ ಅಣ್ಣ ಉಡಿಕೆ ಗೊತ್ತು ಮಾಡಿದ್ದ. ಗಂಡ ಸತ್ತ, ಇಲ್ಲವೇ ಬಿಟ್ಟುಹೋದ ಹೆಣ್ಣಿಗೆ ಇನ್ನೊಬ್ಬ ಸೀರೆ ಉಡಿಸಿ ಮನೆಗೆ ಕರೆದೊಯ್ಯುವುದಕ್ಕೆ ನಮ್ಮ ಕಡೆ ಉಡಿಕೆ ಅನ್ನುತ್ತಾರೆ. ಗಂಡು ರಾಯಬಾಗ ಕಡೆಯ ರೈತ, ಹೆಂಡತಿ ತೀರಿದವನು. ಮುಂದಿನ ಸಂತೆಯೊಳಗೆ ಉತ್ತರ ಕೊಡಬೇಕು. ಹೂಂ ಅಂದರೆ ಹಳೆಯ ತಾಳಿ ತೆಗೆಯಬೇಕು.

ಸಂತೆಯ ಹಿಂದಿನ ಸಂಜೆ ಮಾವಶಿ ಕೊನೆಯ ತಿರುವು ಹೇಳಿದಳು. ಈ ಸಲ ಅವ್ವನಿಗೆ.

“ಬ್ಯಾರೆ ದೋಣಿ ಬಂತು ಅಂತ ತಿಳಿ ಅಕ್ಕಾ. ಇಕಿ ಹತ್ತಿ ಹ್ವಾದಳು. ಆಮ್ಯಾಲ ಮಂಜ ಹರದು, ಮೊದಲಿನವ ಬಂದಾ. ನೋಡತಾನ, ಖಿಡಕ್ಯಾಗ ಯಾರೂ ಇಲ್ಲ.”

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಬಂದ್ರ ಬರ್ಲಿ. ಎರಡ ರೊಟ್ಟಿ ತಿನ್ನಿಸಿ ಕಳಸೂನು.”

ಮಾವಶಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನ ಅಣ್ಣನಿಗೆ ಹೂಂ ಅಂದಳು.

ಉಡಿಕೆಗೆ ಹಂದರವಿಲ್ಲ, ವಾಲಗವಿಲ್ಲ. ಹೊತ್ತು ಮುಳುಗಿದ ಮೇಲೆ ನಾಲ್ಕು ಜನ ಸೇರಿ ಮುಗಿಸಿದರು. ಮುತ್ತೈದೆಯರ ಕಣ್ಣಿಗೆ ಬೀಳಬಾರದೆಂದು ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಮ್ಮದನ್ನು ಮಾತ್ರ ಅವ್ವ ಮುಚ್ಚಗೊಡಲಿಲ್ಲ.

ಹೊಸ ಗಂಡ ಒಳ್ಳೆಯವನು. ತೊಂಬತ್ತರ ದಶಕದುದ್ದಕ್ಕೂ ಇಬ್ಬರೂ ನಿಪ್ಪಾಣಿಗೆ ಬಂದಾಗಲೆಲ್ಲ ನಮ್ಮಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ಹೊರಡುವಾಗ ಮಾವಶಿ ಚಪ್ಪಲಿ ಹಾಕಿಕೊಳ್ಳುವ ನೆವದಲ್ಲಿ ಹಿಂದೆ ಉಳಿದು ಮೆಲ್ಲಗೆ ಕೇಳುತ್ತಿದ್ದಳು, “ಯಾರರೆ ಬಂದಿದ್ರೇನೋ?” ಇಲ್ಲ ಅಂದರೆ ತಲೆ ಆಡಿಸಿ ನಡೆಯುತ್ತಿದ್ದಳು. ಆತ ಓಣಿಯ ತಿರುವಿನಲ್ಲಿ ನಮಗೆ ಬೆನ್ನು ಮಾಡಿ ನಿಂತಿರುತ್ತಿದ್ದ.

ಮಾವಶಿ ಕಾಮಾಲೆಯಿಂದ ತೀರಿಕೊಂಡಳು. ಕೆಲವು ತಿಂಗಳ ಮೇಲೆ ಆತ ಒಬ್ಬನೇ ಬಂದ. ಚಹಾ ಮುಟ್ಟಲಿಲ್ಲ.

“ಒಂದ ಮಾತ ಖರೆ ಹೇಳ್ರಿ. ಅವ ಬಂದಿದ್ನಾ, ಯಾವಾಗರೆ?”

“ಇಲ್ರಿ. ದೇವರಾಣಿ ಇಲ್ಲ.”

“ಬಂದಿದ್ರ ಛಲೋ ಆಕ್ಕಿತ್ರಿ,” ಅಂದ. “ಬಂದು, ನೋಡಿ, ಹ್ವಾಗಿದ್ರ ಮುಗೀತಿತ್ತು. ನಮ್ಮ ತ್ವಾಟದ ಮುಂದ ಯಾವ ಗಾಡಿ ನಿಂತ್ರೂ ಆಕಿ ಕೈಯಾನ ಕೆಲಸಾ ನಿಲ್ಲತಿತ್ತು. ನಾ ಗಾಡಿ ನೋಡ್ತಿರಲಿಲ್ರಿ, ಆಕಿನ್ನ ನೋಡ್ತಿದ್ನಿ. ಇಷ್ಟ ವರ್ಷ ಮೂರ ಮಂದಿ ಸಂಸಾರ ಮಾಡಿದ್ವಿ.”

ಈಗ ಆತನೂ ಇಲ್ಲ. ಮಾವಶಿಯ ಮನೆ ಕೆಡವಿ ಮೊಬೈಲ್ ಅಂಗಡಿ ಕಟ್ಟಿದ್ದಾರೆ. ಸಂಜೆ ನಾನು ಬಸ್‌ಸ್ಟ್ಯಾಂಡಿನ ಕಟ್ಟೆಗೆ ಹೋಗಿ ಕೂರುತ್ತೇನೆ. ಮುಂಬೈ ಕಡೆಯ ಬಸ್ಸು ಬಂದು ನಿಂತರೆ, ಇಳಿಯುವ ಮುದುಕರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ಮಾವಶಿಯ ಮೊದಲ ಗಂಡನನ್ನು ನಾನು ಕಂಡವನೇ ಅಲ್ಲ. ಎದುರಿಗೆ ಬಂದು ನಮ್ಮ ಓಣಿಯ ದಾರಿ ಕೇಳಿದರೂ ಗುರುತು ಸಿಗುವುದಿಲ್ಲ. ಎಂದೋ ಒಂದು ದಿನ ಬಂದು ಕೇಳಿಯೂ ಇರಬಹುದು... ನಾನು ಕೈ ಮಾಡಿ ತೋರಿಸಿಯೂ ಇರಬಹುದು.