ಚಮಚದಲ್ಲಿ ಕುಡಿದ ಕಾಫಿ

ಮೇ ತಿಂಗಳ ಒಂದು ಸೋಮವಾರ ಬೆಳಗಿನ ಹೊತ್ತಿಗೆ ಮೈಸೂರಿನಲ್ಲಿ ಬಸ್ಸು ಹತ್ತಿದೆ. ಸರ್ಕಾರಿ ಬಸ್ಸಾದ್ದರಿಂದ ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟರು. ನಾನು ವಾಕ್ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಓದುತ್ತಿರುವವಳು. ಬೇಸಿಗೆ ರಜೆ ಎಂಬುದು ನಮಗೆ ಹೆಸರಿಗೆ ಮಾತ್ರ, ಅದು ತರಬೇತಿಯ ಕಾಲ. ಏಪ್ರಿಲ್ ಪೂರ್ತಿ ಕೊಡಗಿನ ತಿತಿಮತಿಯಲ್ಲಿ ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳ ಕಿವಿ ಪರೀಕ್ಷೆ, ಬಿಟ್ಟಂಗಾಲದಲ್ಲಿ ದನಿ ಕೆಡಿಸಿಕೊಂಡ ಮೇಷ್ಟರಿಗೆ ಅಭ್ಯಾಸ ಹೇಳಿಕೊಡುವುದು, ಹೀಗೆ ಉಸಿರಾಡಲೂ ಪುರಸೊತ್ತಿರಲಿಲ್ಲ. ಈ ಸಲ ಶನಿವಾರಸಂತೆಯಲ್ಲಿ ಒಂದು ವಾರ, ಒಬ್ಬರೇ ರೋಗಿ ಎಂದಾಗ ಗೆಳತಿಯರು ಹೊಟ್ಟೆ ಉರಿದುಕೊಂಡರು.

ಕುಶಾಲನಗರದಲ್ಲಿ ಇಳಿದು ಇಡ್ಲಿ ತಿಂದೆ. ಚಹಾ ಕೇಳಿದೆ, ಹೋಟೆಲಿನವರು ಕಾಫಿ ತಂದಿಟ್ಟರು. ನಾನು ಗದಗಿನವಳು. ಚಹಾ ಕುಡಿದು ಬೆಳೆದ ನಾಲಿಗೆಗೆ ಕಾಫಿ ಕಷಾಯದ ಹಾಗೆಯೇ ಇರುತ್ತದೆ. ಅರ್ಧ ಬಿಟ್ಟು ಖಾಸಗಿ ಬಸ್ಸು ಹತ್ತಿದೆ. ಅಲ್ಲಿ ಆಧಾರ್ ಕಾರ್ಡಿಗೆ ಬೆಲೆಯಿಲ್ಲ, ಐವತ್ತು ರೂಪಾಯಿ ಎಣಿಸಿದೆ. ದಾರಿಯಲ್ಲಿ ಒಂದು ಮಳೆ ಬಂದುಹೋಗಿ, ಶನಿವಾರಸಂತೆಯಲ್ಲಿ ಇಳಿದಾಗ ಮತ್ತೆ ಚುರುಗುಟ್ಟುವ ಬಿಸಿಲಿತ್ತು.

ನಾನು ನೋಡಬೇಕಿದ್ದವರು ಕಾಳೇಗೌಡರು. ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ ಇರುವ ರೈತರು. ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಮಾತು ತೊದಲುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ನುಂಗುವುದರಲ್ಲಿತ್ತು. ವಾಕ್ ಚಿಕಿತ್ಸೆಯವರು ಮಾತು ಕಲಿಸುತ್ತಾರೆಂದಷ್ಟೇ ಜನ ತಿಳಿದಿದ್ದಾರೆ, ಆದರೆ ನುಂಗುವುದನ್ನು ಕಲಿಸುವುದೂ ನಮ್ಮ ಕೆಲಸವೇ. ನೀರಿನಂಥ ತೆಳ್ಳಗಿನದು ಗೌಡರ ಗಂಟಲಲ್ಲಿ ದಾರಿ ತಪ್ಪಿ ಎದೆಗೆ ಇಳಿಯುತ್ತಿತ್ತು. ಎರಡು ಸಲ ಜ್ವರ ಬಂದು ಆಸ್ಪತ್ರೆ ಸೇರಿದ್ದರು. ಇನ್ನೊಂದು ಸಲ ಬಂದರೆ ಹೊಟ್ಟೆಗೆ ಪೈಪು ಹಾಕಿ ಅದರಲ್ಲೇ ಊಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಜ್ವರ ಯಾಕೆ ಮರುಕಳಿಸುತ್ತಿದೆ ಎಂದು ಪತ್ತೆ ಮಾಡಲು ನನ್ನ ತರಬೇತಿ ನೋಡಿಕೊಳ್ಳುವ ಮೇಡಂ ನನ್ನನ್ನು ಕಳಿಸಿದ್ದರು.

ಗೌಡರ ಹೆಂಡತಿ ಜಯಮ್ಮ ನನ್ನನ್ನು ಜಗುಲಿಯಲ್ಲಿ ಗೌಡರ ಎದುರು ಕೂರಿಸಿದರು.

"ಒಂದ್ ತೊಟ್ಟು ನೀರು ಬಾಯಿಗ್ ಬಿಟ್ಟಿಲ್ಲ ಕಣಮ್ಮ. ಆಸ್ಪತ್ರೇಲಿ ಹೇಳ್ದಂಗೇ ಪುಡಿ ಕಲ್ಸಿ ಗಟ್ಟಿ ಮಾಡೇ ಕೊಡ್ತೀನಿ. ಗಂಜೀನೂ ಗಟ್ಟಿ, ಸಾರೂ ಗಟ್ಟಿ."

ಅಡುಗೆಮನೆಗೆ ಹೋಗಿ ನೋಡಿದೆ, ನಿಜವೇ. ಹಾಗಾದರೆ ಜ್ವರ ಎಲ್ಲಿಂದ ಬಂತು? ಅಷ್ಟರಲ್ಲಿ ಜಯಮ್ಮ ಎರಡು ಲೋಟ ಕಾಫಿ ತಂದು ಒಂದನ್ನು ನನಗೆ, ಒಂದನ್ನು ಗೌಡರಿಗೆ ಕೊಟ್ಟರು. ಗೌಡರು ಎಡಗೈಯಲ್ಲಿ ಲೋಟ ಹಿಡಿದು, ನಾನು ಬಾಯಿಗಿಡುವವರೆಗೆ ಕಾದು, ಆಮೇಲೆ ಗುಟುಕರಿಸಿದರು. ಕೆಮ್ಮು ಬಂತು, ಕಣ್ಣಲ್ಲಿ ನೀರು ತುಂಬಿತು.

"ಕಾಫಿ ಕುಡುದ್ರೆ ಸ್ವಲ್ಪ ಕೆಮ್ತಾರೆ," ಎಂದರು ಜಯಮ್ಮ. "ಕಫ ಸಡ್ಲ ಆಗುತ್ತೆ, ಒಳ್ಳೇದೇ."

"ಅಮ್ಮಾರ, ನೀರು ಕೊಡಬ್ಯಾಡ್ರಿ ಅಂದಿದ್ರಲ್ರೀ?"

"ನೀರ್ ಎಲ್ ಕೊಟ್ಟೆ? ಇದು ಕಾಫಿ."

ಆ ಮುಖದಲ್ಲಿ ಒಂದಿಷ್ಟೂ ಕಳ್ಳತನವಿರಲಿಲ್ಲ. ನಮ್ಮವ್ವ ಸೋಮವಾರ ಉಪವಾಸವಿದ್ದು ನಾಲ್ಕು ಸಲ ಚಹಾ ಕುಡಿಯುತ್ತಾಳೆ, ಅವಳ ಲೆಕ್ಕದಲ್ಲಿ ಅದು ಏನೂ ಅಲ್ಲ. ಜಯಮ್ಮನ ಲೆಕ್ಕವೂ ಹಾಗೆಯೇ ಇತ್ತು. ಗೌಡರಿಗೆ "ಆ ಅನ್ರಿ" ಎಂದೆ. ದನಿ ಗೊರಗೊರ ಎಂದಿತು. ಕಾಫಿ ದನಿಪೆಟ್ಟಿಗೆಯ ಮೇಲೇ ನಿಂತಿತ್ತು. ಹೆದರಿ ಅವರ ಕೈಯಿಂದ ಲೋಟ ಕಿತ್ತುಕೊಂಡೆ. ಗೌಡರು ಗೋಡೆ ಕಡೆ ಮುಖ ತಿರುಗಿಸಿದರು.

ಮಾರನೆಯ ದಿನ ಹೋದರೆ ಗೌಡರು ಗಂಜಿಗೂ ಬಾಯಿ ತೆರೆದಿರಲಿಲ್ಲ. ಬುಧವಾರವೂ ಅದೇ ಕತೆ. ಪುಸಲಾಯಿಸಿ ನಾಲ್ಕು ಚಮಚ ಹೋದರೆ ದೊಡ್ಡದು.

"ಕಾಫಿ ಹೋದ್ರೆ ಹೋಗ್ಲಿ, ಊಟನೂ ಬಿಟ್ರಲ್ಲಮ್ಮ," ಎಂದು ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮೇಡಂಗೆ ಫೋನ್ ಮಾಡಿದೆ. "ಕೆಮ್ಮಿ ಜ್ವರ ಬಂದರೂ ಪೈಪು, ತಿನ್ನದಿದ್ದರೂ ಪೈಪು," ಎಂದರು. "ಶನಿವಾರ ಬರ್ತೀನಿ. ಅಷ್ಟರಲ್ಲಿ ಏನಾದರೂ ಮಾಡು."

ಕಾಫಿಯನ್ನೇ ಗಟ್ಟಿ ಮಾಡುವುದೊಂದೇ ದಾರಿ. ಆಸ್ಪತ್ರೆಯ ಪುಡಿ ಹಾಕಿದರೆ ಸೀಮೆಸುಣ್ಣ ಕಲಸಿದಂತಾಯಿತು. ರಾಗಿ ಹಿಟ್ಟು ಹಾಕಿದರೆ ಅಂಬಲಿ. ಕಾಫಿ ಹೇಗಿರಬೇಕೆಂದು ಗೊತ್ತಿಲ್ಲದವಳ ಕೈಯಡುಗೆ ನೋಡಿ ಜಯಮ್ಮ ಅಳು ಮರೆತು ನಕ್ಕರು. ಕೊನೆಗೆ ಇಬ್ಬರೂ ಸೇರಿ ಕೂಸುಗಳಿಗೆ ಗಂಜಿ ಕಾಯಿಸುವ ಕೂವೆ ಗೆಡ್ಡೆಯ ಹಿಟ್ಟನ್ನು ಕಾಫಿಯಲ್ಲಿ ಕುದಿಸಿದೆವು. ಗಂಟಿಲ್ಲ, ಬೇರೆ ರುಚಿಯಿಲ್ಲ. ಚಮಚ ಓರೆ ಮಾಡಿದರೆ ಸುರಿಯದೆ ನಿಧಾನವಾಗಿ ಜಾರುತ್ತಿತ್ತು, ನನಗೆ ಬೇಕಾದದ್ದು ಅಷ್ಟೇ. ಗೌಡರು ಅದಕ್ಕೂ ತುಟಿ ಬಿಗಿಹಿಡಿದರು.

"ಇವ್ರು ಒಬ್ರೇ ಯಾವತ್ ಕುಡ್ದವ್ರೆ?" ಎಂದರು ಜಯಮ್ಮ. "ಸಂತೆಗ್ ಬಂದವ್ರೆಲ್ಲ ನಮ್ಮನೇಗ್ ಬಂದು ಕಾಫಿ ಕುಡ್ದೇ ಹೋಗದು. ಬಂದವ್ರ್ ಕೈಲಿ ಲೋಟ ಇರ್ಬೇಕು ಇವ್ರಿಗೆ. ನೀನು ಆವತ್ತಿಂದ ಬ್ಯಾಡ ಬ್ಯಾಡ ಅಂತೀಯ."

ನಿಜ. ಸೋಮವಾರದ ಆ ಗುಟುಕಿನ ಮೇಲೆ ನಾನು ಅಲ್ಲಿ ಕಾಫಿ ಮುಟ್ಟಿರಲಿಲ್ಲ. ಇನ್ನೊಂದು ಲೋಟಕ್ಕೆ ಅದೇ ಗಟ್ಟಿ ಕಾಫಿ ಹಾಕಿಸಿಕೊಂಡು ಗೌಡರ ಎದುರು ಕೂತೆ. ಒಂದು ಚಮಚ ಬಾಯಿಗಿಟ್ಟೆ. ಕಾಫಿ ಮೊದಲೇ ಸೇರದವಳಿಗೆ ಬಾಯಲ್ಲಿ ಅದು ಹೊರಳಾಡಿದ ರೀತಿಯನ್ನು ಬರೆಯಲಾರೆ. ನನ್ನ ಮುಖ ನೋಡಿ ಗೌಡರ ಬಾಯಿ ಅರ್ಧ ನಕ್ಕಿತು, ಉಳಿದರ್ಧ ಲಕ್ವದಿಂದ ಹಾಗೇ ಇತ್ತು. ಆ ನಗುವಿನಲ್ಲೇ ಬಾಯಿ ತೆರೆಯಿತು. ಜಯಮ್ಮ ಚಮಚ ಇಟ್ಟರು, ಗೌಡರು ಗದ್ದ ತಗ್ಗಿಸಿ ನುಂಗಿದರು. ಕೆಮ್ಮು ಬರಲಿಲ್ಲ. ಆ ಇಬ್ಬರನ್ನೂ ನನ್ನವರೆಂದುಕೊಂಡದ್ದು ಆ ಗಳಿಗೆಯಲ್ಲಿ.

ಗುರುವಾರ, ಶುಕ್ರವಾರ ನನ್ನ ಲೋಟ ಖಾಲಿಯಾಗುತ್ತದೋ ಇಲ್ಲವೋ ಎಂದು ಕಾವಲು ಕೂತವರಂತೆ ನೋಡುತ್ತಾ ಗೌಡರು ತಮ್ಮದನ್ನು ಮುಗಿಸಿದರು. ಕಾಫಿಯ ಹಿಂದೆ ಗಂಜಿಯೂ ಹೋಯಿತು. ಜ್ವರವಿರಲಿಲ್ಲ.

ಶನಿವಾರ ಬೆಳಿಗ್ಗೆಯಿಂದಲೇ ಬೀದಿ ತುಂಬ ಮೆಣಸಿನಕಾಯಿ, ಶುಂಠಿ, ಹಲಸಿನಹಣ್ಣಿನ ವಾಸನೆ. ಸಂತೆಗೆ ಬಂದ ನೆಂಟರು, ಪರಿಚಯದವರು ಜಗುಲಿ ಹತ್ತಿದರು. ಜಯಮ್ಮ ಎಲ್ಲರ ಕೈಗೂ ಚಮಚ ಸಮೇತ ಗಟ್ಟಿ ಕಾಫಿ ಕೊಟ್ಟರು. "ನಮ್ಮನೇಲಿ ಈಗ ಇದೇ ಕಾಫಿ," ಎಂದಷ್ಟೇ ಹೇಳಿದರು. ಒಬ್ಬರೂ ಎದುರಾಡಲಿಲ್ಲ. ದೊಡ್ಡ ಮೀಸೆಯ ಗಂಡಸರು ಸಾಲಾಗಿ ಕೂತು ಮಕ್ಕಳಂತೆ ಚಮಚ ನೆಕ್ಕುತ್ತಿದ್ದರು.

ಮೇಡಂ ಬಂದಾಗ ಅವರಿಗೂ ಒಂದು ಲೋಟ ಸಿಕ್ಕಿತು. ಅದನ್ನು ಕೈಯಲ್ಲೇ ಹಿಡಿದು, ಇನ್ನೊಂದು ಕೈಯ ಬೆರಳನ್ನು ಗೌಡರ ಗಂಟಲ ಮೇಲಿಟ್ಟು, ಚಮಚ ಚಮಚವೂ ಇಳಿಯುವುದನ್ನು ನೋಡಿದರು. ಕೊನೆಯದು ಇಳಿದ ಮೇಲೆ, "ಈಗ ಜೋರಾಗಿ ಆ ಅನ್ನಿ" ಎಂದರು. ಪೈಪೋ ಅಲ್ಲವೋ ಎಂಬುದು ಆ ದನಿಯ ಮೇಲೆ ನಿಂತಿತ್ತು.

ಗೌಡರು ಆ ಎನ್ನಲಿಲ್ಲ. ಮೇಡಂ ಕೈಯಲ್ಲಿದ್ದ ಮುಟ್ಟದ ಲೋಟವನ್ನು ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು.

"ಯಾಕೆ... ಕುಡೀಲಿಲ್ಲ?"

ದನಿ ತೊದಲಿತು, ಆದರೆ ಗೊರಗೊರ ಇರಲಿಲ್ಲ. ಮೇಡಂ ಸ್ಟೆತಸ್ಕೋಪ್ ಇಟ್ಟು ಎದೆಯನ್ನೂ ಕೇಳಿಸಿಕೊಂಡರು. "ಪೈಪ್ ಬೇಡ ಅಂತ ಡಾಕ್ಟರಿಗೆ ನಾನೇ ಹೇಳ್ತೀನಿ," ಎಂದರು. ಆಮೇಲೆ ಚಮಚ ಎತ್ತಿಕೊಂಡು, ಗೌಡರು ನೋಡುತ್ತಿರುವಂತೆಯೇ, ಲೋಟವನ್ನು ಪೂರ್ತಿ ಮುಗಿಸಿದರು. ಜಯಮ್ಮ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಜಯಮ್ಮ ಚೀಲಕ್ಕೆ ಹಲಸಿನ ತೊಳೆ ಕಟ್ಟಿಕೊಟ್ಟು, "ಮುಂದಿನ್ ಸಲ ಬರ್ವಾಗ ನಿಮ್ಮವ್ವನ್ನೂ ಕರ್ಕಂಡ್ ಬಾ ಮಗಾ," ಎಂದರು. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದೆ. ಸಂತೆಯಿಂದ ಬಂದ ಯಾರೋ ಹೊಸಬರು ಜಗುಲಿಯಲ್ಲಿ ಕೂತು ಚಮಚವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಗೌಡರು ತಮ್ಮ ಲೋಟ ಹಿಡಿದು, ಅವರು ಮೊದಲು ಬಾಯಿಗಿಡಲಿ ಎಂದು ಕಾಯುತ್ತಿದ್ದರು.